ದೋಣಿ ಹೊರುವ ಹಾದಿ

ದೋಣಿ ಇರುವುದು ಮನುಷ್ಯರನ್ನು ಹೊರುವುದಕ್ಕೆ. ಮನುಷ್ಯರೇ ದೋಣಿಯನ್ನು ತಲೆಯ ಮೇಲೆ ಹೊತ್ತುಕೊಂಡು ಕಾಡಿನಲ್ಲಿ ನಡೆಯುವ ಜಾಗವೊಂದಿದೆ ಎಂದರೆ ನಂಬುತ್ತೀರಾ ಮಕ್ಕಳೇ? ಇದೆ. ಅಲ್ಲಿ ಹಾಗೆ ಹೊರಲು ಒಪ್ಪಿದವರಿಗೆ ಮಾತ್ರ ಒಳಗಿನ ಸರೋವರಗಳನ್ನು ನೋಡುವ ಭಾಗ್ಯ. ಈ ವಾರ ಆ ಜಾಗದ ವಿಷಯ.

ಅಟ್ಲಾಸ್ ತೆಗೆದು ಅಮೆರಿಕದ ಪುಟ ಬಿಡಿಸಿ. ಉತ್ತರದ ಅಂಚಿನಲ್ಲಿ ಐದು ಮಹಾ ಸರೋವರಗಳು ಕಾಣುತ್ತವೆ. ಎಲ್ಲಕ್ಕಿಂತ ಪಶ್ಚಿಮದಲ್ಲಿರುವುದು ಸುಪೀರಿಯರ್. ಅದರ ದಡದಿಂದ ಸ್ವಲ್ಪ ಮೇಲೆ, ಮಿನ್ನೆಸೋಟ ರಾಜ್ಯ ಕೆನಡಾವನ್ನು ಮುಟ್ಟುವ ಕಡೆ, ಗಡಿಯ ಉದ್ದಕ್ಕೂ ಸುಮಾರು 240 ಕಿಲೋಮೀಟರ್ ಹಬ್ಬಿದ ಕಾಡು ಇದೆ. ಹೆಸರು ಬೌಂಡರಿ ವಾಟರ್ಸ್, ಅಂದರೆ ಗಡಿಯ ನೀರು. ವಿಸ್ತೀರ್ಣ ಸುಮಾರು 11 ಲಕ್ಷ ಎಕರೆ. ಅದರೊಳಗೆ 1,000ಕ್ಕೂ ಹೆಚ್ಚು ಸರೋವರಗಳು, ಅವುಗಳನ್ನು ಪೋಣಿಸುವ ಹೊಳೆಗಳು. ಗಡಿಯ ಆಚೆ, ಕೆನಡಾದ ಒಂಟೇರಿಯೋದಲ್ಲಿ, ಇದೇ ಕಾಡು ಕ್ವೆಟಿಕೋ ಉದ್ಯಾನವೆಂಬ ಹೆಸರಿನಲ್ಲಿ ಮುಂದುವರಿಯುತ್ತದೆ.

ನಮ್ಮ ಕಡೆ ಕೆರೆ ಎಂದರೆ ಯಾರೋ ಕಟ್ಟಿಸಿದ್ದು. ಏರಿ ಇರುತ್ತದೆ, ತೂಬು ಇರುತ್ತದೆ, ಕಟ್ಟಿಸಿದವರ ಕಥೆ ಇರುತ್ತದೆ. ಅಲ್ಲಿಯ ಸರೋವರಗಳನ್ನು ಮಾಡಿದ್ದು ಮಂಜುಗಡ್ಡೆ. ಒಂದು ಕಾಲದಲ್ಲಿ ಆ ಭೂಮಿಯ ಮೇಲೆ ಕಿಲೋಮೀಟರಿಗೂ ಹೆಚ್ಚು ದಪ್ಪದ ಮಂಜುಗಡ್ಡೆ ಕೂತಿತ್ತು. ಅದು ಜರುಗುವಾಗ ತಳದಲ್ಲಿ ಸಿಕ್ಕ ಕಲ್ಲುಗಳನ್ನೇ ಉಳಿಯಂತೆ ಬಳಸಿ ನೆಲವನ್ನು ಕೆತ್ತಿತು. ಸುಮಾರು 10,000 ವರ್ಷದ ಹಿಂದೆ ಮಂಜು ಕರಗಿ ಹಿಂದೆ ಸರಿದಾಗ ಕೆತ್ತಿದ ಹಳ್ಳಗಳಲ್ಲಿ ನೀರು ನಿಂತಿತು. ಸುತ್ತಲಿನ ಬಂಡೆಗಳಲ್ಲಿ ಕೆಲವಕ್ಕೆ 270 ಕೋಟಿ ವರ್ಷ ವಯಸ್ಸು. ಮಣ್ಣು ತೆಳು. ಬಂಡೆಯ ಬಿರುಕಿನಲ್ಲಿ ಬೇರೂರಿದ ಪೈನ್ ಮರಗಳು ನೀರಿನ ಮೇಲೆ ವಾಲಿಕೊಂಡಿರುತ್ತವೆ. ಜೌಗು ನೆಲದಿಂದ ಬರುವ ಹೊಳೆಗಳ ನೀರು ಹಾಲಿಲ್ಲದ ಟೀ ಬಣ್ಣಕ್ಕಿರುತ್ತದೆ. ಅದು ಕೊಳಕಲ್ಲ, ಎಲೆ ಬೇರುಗಳು ಬಿಟ್ಟ ಬಣ್ಣ.

ಈ ನೀರೆಲ್ಲ ಎಲ್ಲಿಗೆ ಹೋಗುತ್ತದೆ? ಸೌತ್ ಲೇಕ್, ನಾರ್ತ್ ಲೇಕ್ ಎಂದು ಎರಡು ಸರೋವರಗಳಿವೆ. ನಡುವೆ ಒಂದು ಸಣ್ಣ ದಿಬ್ಬ, ಅರ್ಧ ಕಿಲೋಮೀಟರಿನಷ್ಟೂ ಅಗಲವಿಲ್ಲ. ದಿಬ್ಬದ ದಕ್ಷಿಣಕ್ಕೆ ಬಿದ್ದ ಮಳೆ ಸುಪೀರಿಯರ್ ಸೇರಿ, ಕೊನೆಗೆ ಅಟ್ಲಾಂಟಿಕ್ ಸಾಗರಕ್ಕೆ ಹೋಗುತ್ತದೆ. ಉತ್ತರಕ್ಕೆ ಬಿದ್ದದ್ದು ಸರೋವರದಿಂದ ಸರೋವರಕ್ಕೆ ಇಳಿದು, ಕೆನಡಾ ದಾಟಿ, ಹಡ್ಸನ್ ಕೊಲ್ಲಿ ಸೇರುತ್ತದೆ. ನಮ್ಮ ಪಶ್ಚಿಮ ಘಟ್ಟದ ನೆತ್ತಿಯ ಮಳೆಯೂ ಹೀಗೇ ಎರಡು ಸಮುದ್ರಕ್ಕೆ ಪಾಲಾಗುತ್ತದಲ್ಲ, ಹಾಗೆ.

ಈಗ ದೋಣಿಗೆ ಬರೋಣ. ಅಲ್ಲಿಯ ದೋಣಿಯನ್ನು ಕ್ಯಾನೂ ಎನ್ನುತ್ತಾರೆ. ಉದ್ದ, ಕಿರಿದು, ಎರಡೂ ತುದಿ ಚೂಪು. ಒಂದು ಸರೋವರ ಮುಗಿದು ಇನ್ನೊಂದು ಶುರುವಾಗುವ ಮೊದಲು ನಡುವೆ ನೆಲ ಬರುತ್ತದೆ, ಇಲ್ಲವೇ ಜಲಪಾತ ಬರುತ್ತದೆ. ಅಲ್ಲಿ ಇಳಿದು, ದೋಣಿಯನ್ನು ಬೋರಲು ಹಾಕಿ ಹೆಗಲ ಮೇಲೆ ಹೊತ್ತು, ಗಂಟುಮೂಟೆಗಳ ಸಮೇತ ಆಚೆ ದಡಕ್ಕೆ ನಡೆಯಬೇಕು. ಈ ಕಾಲುಹಾದಿಗೆ ಪೋರ್ಟೇಜ್ ಎಂದು ಹೆಸರು. ಇದನ್ನು ಅಳೆಯುವುದು ಮೀಟರಿನಲ್ಲೂ ಅಲ್ಲ, ಮೈಲಿಯಲ್ಲೂ ಅಲ್ಲ, ‘ರಾಡ್’ ಎಂಬ ಹಳೆಯ ಅಳತೆಯಲ್ಲಿ. ಒಂದು ರಾಡ್ ಎಂದರೆ ಹದಿನಾರೂವರೆ ಅಡಿ, ಹೆಚ್ಚುಕಡಿಮೆ ಒಂದು ಕ್ಯಾನೂ ಉದ್ದ. 320 ರಾಡ್ ಸೇರಿದರೆ ಒಂದು ಮೈಲಿ. ಲೆಕ್ಕ ಇಷ್ಟಪಡುವ ಮಕ್ಕಳಿಗೆ ಒಂದು ಪ್ರಶ್ನೆ: 80 ರಾಡ್ ಎಂದರೆ ಎಷ್ಟು ಮೀಟರ್? ಉತ್ತರ ಮುಂದೆ ಸಿಗುತ್ತದೆ.

ಈ ಹಾದಿಗಳನ್ನು ಸರ್ಕಾರ ಮಾಡಿದ್ದಲ್ಲ. ಓಜಿಬ್ವೆ ಎಂಬ ಮೂಲನಿವಾಸಿಗಳು ಭೂರ್ಜ ಮರದ ತೊಗಟೆಯ ಹಗುರ ದೋಣಿ ಮಾಡಿಕೊಂಡು ಇಲ್ಲೆಲ್ಲ ಓಡಾಡುತ್ತಿದ್ದರು. ಆಮೇಲೆ ಯೂರೋಪಿನಲ್ಲಿ ಬೀವರ್ ಎಂಬ ಪ್ರಾಣಿಯ ತುಪ್ಪಳದ ಟೋಪಿಗೆ ಬೇಡಿಕೆ ಹುಟ್ಟಿ ವ್ಯಾಪಾರಿಗಳು ಬಂದರು. ಅವರ ಕೂಲಿ ದೋಣಿಗಾರರಿಗೆ ವೊಯಾಜರ್ ಎಂದು ಹೆಸರು. ಪಿಜನ್ ನದಿಯ ಜಲಪಾತಗಳನ್ನು ಬಳಸಿ ಹೋಗುವ ‘ಗ್ರ್ಯಾಂಡ್ ಪೋರ್ಟೇಜ್’ ಎಂಟೂವರೆ ಮೈಲಿ ಉದ್ದ. ಅಲ್ಲಿ ಒಬ್ಬೊಬ್ಬ ಹೊರುತ್ತಿದ್ದುದು ಎರಡು ಮೂಟೆ, ಒಟ್ಟು 80 ಕಿಲೋಗೂ ಮೇಲೆ. ಗೋದಾಮಿನಲ್ಲಿ ಅಕ್ಕಿ ಮೂಟೆ ಹೊರುವವರನ್ನು ನೋಡಿದವರಿಗೆ ಆ ಭಾರ ಎಂಥದ್ದೆಂದು ಹೇಳಬೇಕಿಲ್ಲ. 1842ರಲ್ಲಿ ಅಮೆರಿಕ ಮತ್ತು ಬ್ರಿಟನ್ ಗಡಿ ಗೊತ್ತುಮಾಡಿದಾಗ ಗಡಿಗೆರೆ ಈ ದೋಣಿದಾರಿಯನ್ನೇ ಹಿಡಿಯಿತು. ಅಲ್ಲಿನ ಪೋರ್ಟೇಜುಗಳು ಎರಡೂ ದೇಶದ ಜನರಿಗೆ ತೆರೆದಿರಬೇಕೆಂದು ಒಪ್ಪಂದದಲ್ಲೇ ಬರೆದರು.

ಎರಡು ವರ್ಷದ ಹಿಂದೆ ಆಗಸ್ಟ್ ಕೊನೆಯಲ್ಲಿ ಮಿನಿಯಾಪೊಲಿಸಿನ ಮಗಳ ಮನೆಯಿಂದ ನಾವೆಲ್ಲ ಅಲ್ಲಿಗೆ ಹೋಗಿದ್ದೆವು. ಎಲಿ ಎಂಬ ಪುಟ್ಟ ಊರಿಗೆ ಕಾರಿನಲ್ಲಿ ನಾಲ್ಕು ಗಂಟೆಗೂ ಮೀರಿದ ದಾರಿ. ರಾತ್ರಿ ಎಲಿಯಲ್ಲೇ ಉಳಿದು, ಬಾಡಿಗೆಗೆ ಕ್ಯಾನೂ ಹಿಡಿದು, ಬೆಳಿಗ್ಗೆ ಹೆಗ್‌ಮನ್ ಸರೋವರದ ಕಡೆ ಹೊರಟೆವು. ಕಾರು ನಿಲ್ಲಿಸಿದ ಜಾಗದಿಂದ ನೀರಿಗೆ 80 ರಾಡ್. ಅಂದರೆ ಸುಮಾರು 400 ಮೀಟರ್. ಅಳಿಯ ದೋಣಿ ಹೊತ್ತರು. ಈಗಿನ ಕೆವ್ಲಾರ್ ದೋಣಿಗಳು ಇಪ್ಪತ್ತು ಕಿಲೋ ಆಸುಪಾಸು ಮಾತ್ರ; ಹಳೆಯ ಅಲ್ಯೂಮಿನಿಯಂ ದೋಣಿಯಾದರೆ ಮೂವತ್ತು ಕಿಲೋ ದಾಟುತ್ತದೆ. ನನ್ನ ಪಾಲಿಗೆ ಬಂದದ್ದು ಎರಡು ಹುಟ್ಟು. ಮೊಮ್ಮಗಳಿಗೆ ಲೈಫ್ ಜಾಕೆಟ್‌ಗಳು. “ತಾತ, ದೋಣಿಗೆ ನಾಲ್ಕು ಕಾಲು ಬಂದಿದೆ ನೋಡಿ” ಎಂದಳು. ಮುಂದೆ ಅಪ್ಪ, ಹಿಂದೆ ಅಮ್ಮ, ನಡುವೆ ಬೋರಲು ದೋಣಿ.

ಹಿಂದಿನ ದಿನ ಊಟ ಕಟ್ಟುವಾಗಲೇ ಅಲ್ಲಿಯ ಕಾನೂನಿನ ರುಚಿ ಗೊತ್ತಾಗಿತ್ತು. ತಿನ್ನುವ ಕುಡಿಯುವ ಪದಾರ್ಥವನ್ನು ಗಾಜಿನ ಸೀಸೆಯಲ್ಲಾಗಲಿ ತಗಡಿನ ಡಬ್ಬಿಯಲ್ಲಾಗಲಿ ಒಯ್ಯುವಂತಿಲ್ಲ. ಮನೆಯಾಕೆ ಊರಿನಿಂದ ಜೋಪಾನವಾಗಿ ತಂದಿದ್ದ ಉಪ್ಪಿನಕಾಯಿ ಸೀಸೆ ಹಿಂದುಳಿಯಿತು. ಉಪ್ಪಿನಕಾಯಿ ಮಾತ್ರ ಪ್ಲಾಸ್ಟಿಕ್ ಡಬ್ಬಿಗೆ ಇಳಿದು ಬಂತು. ಚಪಾತಿ, ಚಟ್ನಿಪುಡಿ, ಗೊಜ್ಜವಲಕ್ಕಿಗೆ ಯಾವ ಅಡ್ಡಿಯೂ ಇಲ್ಲ. ತಂದ ಕಸವನ್ನು ಒಂದು ಚೂರೂ ಬಿಡದೆ ವಾಪಸು ಒಯ್ಯಬೇಕು. ಕಾಡಿನೊಳಗೆ ಕಸದ ಬುಟ್ಟಿಯೇ ಇಲ್ಲ.

ಸೌತ್ ಹೆಗ್‌ಮನ್ ದಾಟಿ, ಇನ್ನೊಂದು ಪುಟ್ಟ ಪೋರ್ಟೇಜ್ ಮುಗಿಸಿದರೆ ನಾರ್ತ್ ಹೆಗ್‌ಮನ್. ಅದರ ತುದಿಯಲ್ಲಿ ನೀರಿನಿಂದ ನೇರ ಎದ್ದ ಬಂಡೆಯ ಮೇಲೆ ಕೆಮ್ಮಣ್ಣಿನ ಬಣ್ಣದ ಚಿತ್ರಗಳು. ಕೈ ಚಾಚಿ ನಿಂತ ಒಬ್ಬ ಮನುಷ್ಯ, ಮೂಸ್ ಎಂಬ ದೊಡ್ಡ ಕಡವೆ, ಉದ್ದ ಬಾಲದ ಒಂದು ಪ್ರಾಣಿ, ಜನ ಕೂತ ದೋಣಿಗಳು. ಪಕ್ಕದಲ್ಲಿ ಫಲಕವಿಲ್ಲ, ಬೇಲಿಯಿಲ್ಲ, ಟಿಕೆಟ್ಟಿಲ್ಲ. ಮುಟ್ಟಬಾರದೆಂಬುದು ಬಂದವರ ತಿಳಿವಳಿಕೆಗೆ ಬಿಟ್ಟದ್ದು. ಮುಟ್ಟಿದರೆ ಕೈಯ ಜಿಡ್ಡು ಬಣ್ಣಕ್ಕೆ ಹತ್ತುತ್ತದೆ. ನಾವು ದೋಣಿಯಲ್ಲೇ ಕೂತು ನೋಡಿದೆವು. ಬಂದು ನೋಡಿಹೋದವರು ಯಾರೂ ತಮ್ಮ ಹೆಸರು ಕೆತ್ತದಿದ್ದುದನ್ನು ಮಗಳು ತೋರಿಸಿದಳು. ನಮ್ಮ ಎಷ್ಟು ಕೋಟೆ ಕಲ್ಲುಗಳ ಮೇಲೆ ಪ್ರೇಮಿಗಳ ಹೆಸರಿವೆ ಎಂದು ನೆನೆದು ಸುಮ್ಮನಾದೆ.

ಅಲ್ಲೇ ಲೂನ್ ಹಕ್ಕಿಯನ್ನು ಕಂಡೆವು. ಮಿನ್ನೆಸೋಟದ ರಾಜ್ಯಪಕ್ಷಿ. ಕಪ್ಪು ತಲೆ, ಕೆಂಪು ಕಣ್ಣು, ಬೆನ್ನಿನ ಮೇಲೆ ಬಿಳಿ ಚೌಕಗಳು. ಸಾಮಾನ್ಯವಾಗಿ ಹಕ್ಕಿಗಳ ಮೂಳೆ ಪೊಳ್ಳು. ಇದರ ಹಲವು ಮೂಳೆಗಳು ಗಟ್ಟಿ. ಆದ್ದರಿಂದ ಸಲೀಸಾಗಿ ಮುಳುಗುತ್ತದೆ, ನೀರಿನೊಳಗೆ ಮೀನನ್ನು ಕಣ್ಣಾರೆ ನೋಡಿ ಅಟ್ಟಿಸಿಕೊಂಡು ಹೋಗುತ್ತದೆ. ಕಾಲುಗಳು ತೀರ ಹಿಂದಿರುವುದರಿಂದ ನೆಲದ ಮೇಲೆ ನಡೆಯಲು ಒದ್ದಾಟ. ಹಾಗಾಗಿ ಗೂಡು ನೀರಂಚಿನಲ್ಲೇ. ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಈಜುತ್ತದೆ. ಇದರ ಕೂಗು ಒಮ್ಮೆ ನಗುವಿನಂತೆ, ಒಮ್ಮೆ ದೂರದಲ್ಲಿ ಯಾರೋ ಅತ್ತಂತೆ. ತಿಳಿನೀರಿಲ್ಲದಿದ್ದರೆ ಲೂನ್‌ಗೆ ಬೇಟೆಯಿಲ್ಲ. ಮೋಟಾರು ದೋಣಿಯ ಅಲೆ ಹೊಡೆದರೆ ಗೂಡು ಉಳಿಯುವುದಿಲ್ಲ.

ಇಷ್ಟು ನೀರು, ಇಷ್ಟು ನಿಶ್ಶಬ್ದ ಹೇಗೆ ಉಳಿಯಿತು? ತಾನಾಗಿ ಉಳಿಯಲಿಲ್ಲ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನಿಗೆ ಎಲ್ಲದರ ಎಂಟ್ರಿ ಹುಡುಕುವ ಅಭ್ಯಾಸ. ಹುಡುಕಿದಾಗ ಕಂಡದ್ದು ಒಂದೊಂದು ಕಾಲದಲ್ಲೂ ಯಾರೋ ‘ಬೇಡ’ ಎಂದ ದಾಖಲೆ. 1920ರ ದಶಕದಲ್ಲಿ ಒಬ್ಬ ಉದ್ಯಮಿ ಇಲ್ಲಿಯ ನೀರಿಗೆ ಸಾಲು ಅಣೆಕಟ್ಟು ಕಟ್ಟಲು ಹೊರಟ. 1930ರ ಕಾನೂನು ನೀರಿನ ಮಟ್ಟ ಬದಲಿಸುವುದನ್ನು, ದಡದಿಂದ 400 ಅಡಿಯೊಳಗೆ ಮರ ಕಡಿಯುವುದನ್ನು ತಡೆಯಿತು. ನೀರಿನ ಮೇಲಿಳಿಯುವ ವಿಮಾನಗಳು ಮೀನು ಹಿಡಿಯುವವರನ್ನು ತಂದು ಸುರಿಯತೊಡಗಿದಾಗ, 1949ರಲ್ಲಿ ಅಧ್ಯಕ್ಷ ಟ್ರೂಮನ್ ಅವುಗಳನ್ನು ತಡೆಯುವ ಆಜ್ಞೆಗೆ ಸಹಿ ಹಾಕಿದರು. ಸಮುದ್ರಮಟ್ಟದಿಂದ 4,000 ಅಡಿಗಿಂತ ಕೆಳಗೆ ಹಾರುವಂತಿಲ್ಲ. 1964ರಲ್ಲಿ ದೇಶದ ವನ್ಯಪ್ರದೇಶ ಕಾಯಿದೆಯ ಪಟ್ಟಿಗೆ ಸೇರಿತು. 1978ರ ಕಾನೂನು ಹೆಚ್ಚಿನ ಸರೋವರಗಳಿಂದ ಮೋಟಾರನ್ನು ಹೊರಗಿಟ್ಟಿತು.

ಖರ್ಚಿನ ಪುಟವನ್ನೂ ಓದಬೇಕು. ‘ಬೇಡ’ ಎಂದಾಗಲೆಲ್ಲ ಯಾರಿಗೋ ನಷ್ಟವಾಗಿದೆ. ಸರೋವರಗಳ ದಡದಲ್ಲಿ ಹೋಟೆಲು, ತಂಗುಮನೆ ಕಟ್ಟಿಕೊಂಡವರ ಆಸ್ತಿಯನ್ನು ಸರ್ಕಾರ ಕೊಂಡು ಅವರನ್ನು ಎಬ್ಬಿಸಿತು. ಸಿಗರ್ಡ್ ಓಲ್ಸನ್ ಎಲಿಯಲ್ಲೇ ಪಾಠ ಹೇಳಿ, ಈ ಕಾಡಿನ ಬಗ್ಗೆ ಪುಸ್ತಕ ಬರೆದು, ಜೀವನವಿಡೀ ಇದರ ರಕ್ಷಣೆಗೆ ಓಡಾಡಿದವರು. 1977ರಲ್ಲಿ ಸಾರ್ವಜನಿಕ ವಿಚಾರಣೆ ನಡೆದಾಗ ಅದೇ ಊರಿನಲ್ಲಿ ಅವರ ಪ್ರತಿಕೃತಿಯನ್ನು ನೇತುಹಾಕಿದರು. ಆಗ ಅವರಿಗೆ 78 ವರ್ಷ. ನೇತುಹಾಕಿದವರು ಕೆಟ್ಟವರೆಂದು ನಾನು ಹೇಳಲಾರೆ. ಹೊಟ್ಟೆಪಾಡಿನ ಪ್ರಶ್ನೆ ಬಂದಾಗ ಮನುಷ್ಯನಿಗೆ ಸಿಟ್ಟು ಬರುತ್ತದೆ.

ಡೊರೊತಿ ಮೋಲ್ಟರ್ ಕಥೆ ಕೇಳಿ. ಷಿಕಾಗೋದಲ್ಲಿ ನರ್ಸಿಂಗ್ ಓದಿದ ಈಕೆ 1930ರಲ್ಲಿ ಮೊದಲ ಸಲ ನೈಫ್ ಲೇಕ್ ಎಂಬ ಗಡಿ ಸರೋವರಕ್ಕೆ ಬಂದವರು, ಕೆಲವೇ ವರ್ಷಗಳಲ್ಲಿ ಅಲ್ಲಿಯ ದ್ವೀಪದಲ್ಲೇ ನೆಲೆಸಿದರು. ಹತ್ತಿರದ ರಸ್ತೆ 20 ಕಿಲೋಮೀಟರಿಗೂ ಆಚೆ, ನಡುವೆ ಪೋರ್ಟೇಜುಗಳು. ದಾರಿಹೋಕರಿಗೆ ಗಾಯವಾದರೆ ಇವರೇ ಕಟ್ಟು ಕಟ್ಟುತ್ತಿದ್ದರು. ವಿಮಾನಗಳು ನಿಂತ ಮೇಲೆ ಸರೋವರದ ನೀರಿನಲ್ಲೇ ರೂಟ್ ಬಿಯರ್ ಮಾಡಿ, ಚಳಿಗಾಲದಲ್ಲಿ ಕೊಯ್ದಿಟ್ಟ ಮಂಜುಗಡ್ಡೆಯಲ್ಲಿ ತಣ್ಣಗಿಟ್ಟು ದೋಣಿಯಲ್ಲಿ ಬಂದವರಿಗೆ ಕೊಡುತ್ತಿದ್ದರು. ಬಿಯರ್ ಎಂದು ಹೆಸರು ಕೇಳಿ ಅಜ್ಜಿಯರು ಗಾಬರಿಯಾಗಬೇಕಿಲ್ಲ, ಅದು ಬೇರಿನ ಪರಿಮಳದ ಸಿಹಿ ಪಾನಕ. ಕಾನೂನಿನ ಪ್ರಕಾರ ಅವರೂ ಜಾಗ ಬಿಡಬೇಕಾಗಿತ್ತು. ಜನ ಗಲಾಟೆ ಮಾಡಿದರು, ಅರ್ಜಿ ಬರೆದರು. ಕೊನೆಗೆ ಬದುಕಿರುವಷ್ಟು ದಿನ ಅಲ್ಲೇ ಇರಲು ಸರ್ಕಾರ ಒಪ್ಪಿತು. 1986ರ ಡಿಸೆಂಬರಿನಲ್ಲಿ, 79ನೆಯ ವಯಸ್ಸಿನಲ್ಲಿ, ಅವರು ತಮ್ಮ ದ್ವೀಪದಲ್ಲೇ ತೀರಿಕೊಂಡರು. ಅಭಿಮಾನಿಗಳು ಅವರ ಮರದ ಮನೆಗಳನ್ನು ಬಿಚ್ಚಿ, ಹೆಪ್ಪುಗಟ್ಟಿದ ಸರೋವರಗಳ ಮೇಲೆ ಎಲಿಗೆ ಎಳೆದು ತಂದು ಮತ್ತೆ ಜೋಡಿಸಿದ್ದಾರೆ. ಅದೀಗ ಮ್ಯೂಸಿಯಂ. ಹೋದವರು ತಪ್ಪದೆ ನೋಡಿ.

ಇನ್ನು ಓಜಿಬ್ವೆ ಜನ. 1854ರ ಒಪ್ಪಂದದಲ್ಲಿ ಈ ನೆಲ ಅವರ ಕೈಬಿಟ್ಟಿತು. ಬೇಟೆ ಮತ್ತು ಮೀನುಗಾರಿಕೆಯ ಹಕ್ಕನ್ನು ಮಾತ್ರ ಉಳಿಸಿಕೊಂಡರು. ಅವರ ಮುಖ್ಯ ಆಹಾರ ಮನೂಮಿನ್, ಆಳವಿಲ್ಲದ ನೀರಿನಲ್ಲಿ ತಾನೇ ಬೆಳೆಯುವ ಕಾಡು ಭತ್ತ. ನಮ್ಮ ಭತ್ತದ ಜಾತಿಯಲ್ಲ; ಅಕ್ಕಿ ಉದ್ದ, ಬಣ್ಣ ಕಪ್ಪು. ಆಗಸ್ಟ್ ಕೊನೆಯಿಂದ ಸೆಪ್ಟೆಂಬರಿನವರೆಗೆ ಕೊಯ್ಲು. ಕೊಯ್ಲು ಎಂದೆ, ಆದರೆ ಕುಡುಗೋಲು ಇಲ್ಲ. ಒಬ್ಬರು ಉದ್ದ ಗಳುವಿನಿಂದ ದೋಣಿ ತಳ್ಳುತ್ತಾರೆ. ಇನ್ನೊಬ್ಬರು ಒಂದು ಕೋಲಿನಿಂದ ತೆನೆಯನ್ನು ದೋಣಿಯ ಮೇಲೆ ಬಗ್ಗಿಸಿ, ಇನ್ನೊಂದರಿಂದ ಮೆಲ್ಲಗೆ ತಟ್ಟುತ್ತಾರೆ. ಬಲಿತ ಕಾಳು ದೋಣಿಗೆ ಬೀಳುತ್ತದೆ. ಕೆಲವು ನೀರಿಗೆ ಬಿದ್ದು ಮುಂದಿನ ವರ್ಷಕ್ಕೆ ಬೀಜವಾಗುತ್ತವೆ. ಬಲಿಯದ ಕಾಳು ಗಿಡದಲ್ಲೇ ಉಳಿಯುತ್ತದೆ. ಕೋಲು 30 ಅಂಗುಲಕ್ಕಿಂತ ಉದ್ದ ಇರಬಾರದು, ಒಂದು ಪೌಂಡಿಗಿಂತ ಭಾರ ಇರಬಾರದು ಎಂದು ಮಿನ್ನೆಸೋಟದ ಕಾನೂನು ಹೇಳುತ್ತದೆ. ಬಡಿಯಬೇಡಿ, ತಟ್ಟಿ ಎಂದರ್ಥ. ಬಡ್ಡಿ ತೆಗೆದುಕೋ, ಅಸಲು ಮುಟ್ಟಬೇಡ ಎಂದು ನಾನು ಕೌಂಟರಿನಲ್ಲಿ ಎಷ್ಟು ಹಿರಿಯರಿಗೆ ಹೇಳಿದ್ದೇನೋ. ಈ ಜನ ಅದನ್ನು ಪಾಸ್‌ಬುಕ್ ಇಲ್ಲದೆಯೇ ಪಾಲಿಸಿಕೊಂಡು ಬಂದಿದ್ದಾರೆ.

ಆ ಅಸಲಿನ ಮೇಲೆ ಈಗ ಒಂದು ತಕರಾರಿದೆ. ಕಾಡಿನ ಹೊರಗೆ, ಎಲಿಯ ಹತ್ತಿರ, ನೆಲದಡಿ ತಾಮ್ರ ಮತ್ತು ನಿಕ್ಕಲ್ ಅದಿರು ಇದೆ. ಅದು ಗಂಧಕ ಬೆರೆತ ಅದಿರು. ಅಗೆದು ಹೊರಗೆ ಹಾಕಿದಾಗ ಗಾಳಿ, ನೀರು ತಗುಲಿದರೆ ಆಮ್ಲ ಹುಟ್ಟುತ್ತದೆ. ಅಲ್ಲಿಂದ ಹೊಳೆ ಹರಿಯುವುದು ಬೌಂಡರಿ ವಾಟರ್ಸ್ ಒಳಕ್ಕೇ. ಕಾಡು ಭತ್ತಕ್ಕೆ ಸಲ್ಫೇಟ್ ಆಗದು. ಅದು ಬೆಳೆಯುವ ನೀರಿನಲ್ಲಿ ಲೀಟರಿಗೆ 10 ಮಿಲಿಗ್ರಾಂ ಮೀರಬಾರದೆಂದು ಮಿನ್ನೆಸೋಟದಲ್ಲಿ ನಿಯಮವಿದೆ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಸುಮಾರು 2.25 ಲಕ್ಷ ಎಕರೆಯಲ್ಲಿ ಹೊಸ ಗಣಿ ಗುತ್ತಿಗೆಗೆ 20 ವರ್ಷ ತಡೆ ಹಾಕಿತು. ವಾದ ಅಲ್ಲಿಗೆ ಮುಗಿಯಲಿಲ್ಲ. ಎಲಿ ಬೆಳೆದದ್ದೇ ಕಬ್ಬಿಣದ ಗಣಿಗಳಿಂದ. ಅಲ್ಲಿಯ ಕೊನೆಯ ಗಣಿ 1967ರಲ್ಲಿ ಮುಚ್ಚಿತು. ಅಪ್ಪ ಗಣಿಯಲ್ಲಿ ದುಡಿದ ಮನೆಯವರಿಗೆ ಕೆಲಸ ಬೇಕೆನ್ನಿಸುವುದು ಸಹಜ. ತಾಮ್ರ ನಮಗೂ ಬೇಕು, ಮನೆಯ ಪ್ರತಿ ಸ್ವಿಚ್ಚಿನ ಹಿಂದೆ ಅದಿದೆ. ಆದರೆ ಗಣಿಯ ಲಾಭ ಕೆಲವು ದಶಕದ್ದು. ಸರೋವರದ ನೀರು ಒಮ್ಮೆ ಕೆಟ್ಟರೆ ಸರಿಮಾಡುವ ಸಾಲ ಯಾವ ಬ್ಯಾಂಕಿನಲ್ಲೂ ಸಿಗುವುದಿಲ್ಲ. ನನ್ನ ಓಟು ನೀರಿಗೆ.

ಮಕ್ಕಳು ಆ ಕಡೆ ಇರುವ ಅಪ್ಪ ಅಮ್ಮಂದಿರಿಗೆ ಕೆಲವು ಮಾತು. ಬೆಳಿಗ್ಗೆ ಹೋಗಿ ಸಂಜೆ ಬರುವುದಾದರೆ, ಮೋಟಾರಿಲ್ಲದ ದೋಣಿಗೆ ಪರ್ಮಿಟ್ ಚೀಟಿಯನ್ನು ಪ್ರವೇಶದ ಜಾಗದಲ್ಲಿ ನೀವೇ ಬರೆದುಕೊಳ್ಳಬಹುದು, ಹಣವಿಲ್ಲ. ರಾತ್ರಿ ಉಳಿಯುವುದಾದರೆ ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ಪ್ರತಿ ಪ್ರವೇಶದಲ್ಲೂ ದಿನಕ್ಕೆ ಇಷ್ಟೇ ತಂಡ ಎಂಬ ಮಿತಿಯಿದೆ. ನಮ್ಮ ಕಾಲದ ಬ್ಯಾಂಕಿನ ಹಿತ್ತಾಳೆ ಟೋಕನ್ ಇದ್ದ ಹಾಗೆ, ಮುಗಿದರೆ ಮುಗಿಯಿತು. ತಿಂಗಳುಗಳ ಮೊದಲೇ ಕಾದಿರಿಸಿ. ಒಂದು ತಂಡದಲ್ಲಿ ಒಂಬತ್ತು ಜನ, ನಾಲ್ಕು ದೋಣಿ, ಅದಕ್ಕಿಂತ ಹೆಚ್ಚಿಲ್ಲ. ಮೂರು ಸಂಸಾರ ಸೇರಿ ಪಿಕ್ನಿಕ್ ಮಾಡುವ ನಮ್ಮವರು ಇದನ್ನು ಮೊದಲೇ ಎಣಿಸಿಕೊಳ್ಳಲಿ. ಡೇರೆ ಹಾಕುವುದು ಗೊತ್ತುಮಾಡಿದ ಜಾಗದಲ್ಲಿ ಮಾತ್ರ. ಅಲ್ಲಿ ಬೆಂಕಿಗೆ ಒಂದು ಕಬ್ಬಿಣದ ಜಾಲರಿ, ಹಿಂದೆ ಮರಗಳ ನಡುವೆ ಗೋಡೆಯೂ ಸೂರೂ ಇಲ್ಲದ ಒಂದು ಶೌಚಪೀಠ, ಅಷ್ಟೇ ಸೌಕರ್ಯ. ಪಾತ್ರೆ ತೊಳೆಯುವುದು, ಸೋಪು ಬಳಸುವುದು ನೀರಿನಿಂದ 150 ಅಡಿ ದೂರದಲ್ಲಿ. ನೀರು ಎಷ್ಟೇ ತಿಳಿಯಾಗಿ ಕಂಡರೂ ಕುದಿಸಿ ಇಲ್ಲವೇ ಫಿಲ್ಟರ್ ಮಾಡಿ ಕುಡಿಯಿರಿ. ತಿಂಡಿ ಕರಡಿಗೆ ಸಿಗದಂತೆ ಇಡಿ. ಜೂನಿನಲ್ಲಿ ಸೊಳ್ಳೆ ಮತ್ತು ಕಪ್ಪು ನೊಣಗಳ ದರ್ಬಾರು. ಆಗಸ್ಟ್ ಕೊನೆಗೆ ಅವು ಕಡಿಮೆ. ಒಳಗೆಲ್ಲೂ ದಾರಿ ತೋರುವ ಫಲಕಗಳಿಲ್ಲ. ನಕ್ಷೆ ಮತ್ತು ದಿಕ್ಸೂಚಿ ಇಟ್ಟುಕೊಳ್ಳಿ, ಫೋನನ್ನು ನೆಚ್ಚಬೇಡಿ.

ನನ್ನ ವಯಸ್ಸಿನವರು ಹೆದರಬೇಕಾಗಿಲ್ಲ. ಹಾದಿಯಲ್ಲಿ ಕಲ್ಲು, ಬೇರು ನೋಡಿಕೊಂಡು ಕಾಲಿಡಿ, ಕೂತು ಕೂತು ನಡೆಯಿರಿ. ಹೊರಲು ಆಗುವಷ್ಟನ್ನೇ ಹೊರಿ, ಆದರೆ ಏನಾದರೂ ಒಂದನ್ನು ಹೊರಿ. ಅಲ್ಲಿ ಬರಿಗೈಯಲ್ಲಿ ನಡೆಯುವವರು ಯಾರೂ ಕಾಣಲಿಲ್ಲ.